ಸಿಪಾಯಿ ಸಿ. ಟೆಂಗಾಟೆಂಗಾ

ನಮ್ಮ ಡಾಮಿಸನ್ ಮಾವನಿಗೆ ಎಂಬತ್ತು ದಾಟಿದ ಮೇಲೆ ಒಂದೇ ಹಟ. ತನ್ನ ಅಜ್ಜ ಚಿಮ್ವಾಲಾನ ಹೆಸರನ್ನ ಹರಾರೆಯ ಯುದ್ಧಸ್ಮಾರಕದ ಮುಂದೆ ಒಂದು ಸಲ ಓದಿಸಬೇಕು, ಆಮೇಲೆ ಸಾಯಬೇಕು. ನಾವು ಮಲಾವಿಯವರು. ಹೊಟ್ಟೆಪಾಡಿಗೆ ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ಇಲ್ಲಿಯವರ ಬಾಯಲ್ಲಿ ಇನ್ನೂ ಹೊರಗಿನವರೇ. ಪ್ರತಿ ನವೆಂಬರಿನಲ್ಲಿ ಇಲ್ಲಿ ಉಳಿದುಕೊಂಡ ಇಂಗ್ಲಿಷ್ ಮಂದಿ ಎದೆಗೆ ಕೆಂಪು ಕಾಗದದ ಹೂ ಸಿಕ್ಕಿಸಿಕೊಂಡು ಯುದ್ಧದಲ್ಲಿ ಸತ್ತವರ ಹೆಸರು ಓದುತ್ತಾರೆ. ಚಿಮ್ವಾಲಾ ಸತ್ತದ್ದೂ ಅವರದೇ ಯುದ್ಧದಲ್ಲಿ, ಮೊದಲನೇ ಮಹಾಯುದ್ಧದಲ್ಲಿ. ಆದರೆ ಅವನ ಕೈಯಲ್ಲಿ ಬಂದೂಕಿರಲಿಲ್ಲ, ತಲೆಯ ಮೇಲೆ ದೊರೆಗಳ ಬಿಸ್ಕತ್ತಿನ ಪೆಟ್ಟಿಗೆಯಿತ್ತು. ಅಂಥ ಹೊರೆಯಾಳುಗಳನ್ನ ನಮ್ಮ ಕಡೆ ಟೆಂಗಾಟೆಂಗಾ ಅಂತಾರೆ. ಟೆಂಗಾ ಅಂದರೆ ತಗೋ. ತಗೋ, ತಗೋ ಅಂತ ಅವರು ಹೊರಿಸುತ್ತಲೇ ಹೋದರು, ಇವರು ಪಾಪ ಹೊರುತ್ತಲೇ ಹೋದರು.

ಮೂರು ವರ್ಷ ಅರ್ಜಿ ಹಾಕಿದ್ದಕ್ಕೆ ಮೂರು ಸಲವೂ "ಹೊರೆಯಾಳು ಸೈನಿಕನಲ್ಲ" ಅಂತ ಉತ್ತರ. ನಾಲ್ಕನೇ ವರ್ಷ ಸಮಿತಿಗೆ ಮಿಸೆಸ್ ಹ್ಯಾಲಮ್ ಅಂತ ಹೊಸ ಕಾರ್ಯದರ್ಶಿ ಬಂದಳು. ಬೇರೆಯವರು ಕ್ಯಾಪ್ಟನ್ ಇಂಥವರು ಅಂತ ಬರೆಯುವ ಹಾಗೆ ಮಾವನೂ ಠೀವಿಯಿಂದ "ಟೆಂಗಾಟೆಂಗಾ ಚಿಮ್ವಾಲಾ" ಅಂತ ಬರೆದ. ಮನೆತನದ ಹೆಸರು ಮೊದಲು ಬರೆಯಿರಿ ಅಂತ ಅರ್ಜಿಯ ಮೇಲೇ ಅಚ್ಚಾಗಿತ್ತಂತೆ, ಅದನ್ನೆಲ್ಲ ಯಾರು ಓದುತ್ತಾರೆ? ವಾರದಲ್ಲೇ ಒಪ್ಪಿಗೆ ಬಂತು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಆ ದಿನ ಮಾವ ಪಕ್ಕದ ಮನೆಯವರ ಕೋಟು ಹಾಕಿಕೊಂಡು ಮುಂದಿನ ಸಾಲಲ್ಲಿ ಕೂತ. ಹಿಂದೆ ನಮ್ಮ ಮಲಾವಿಯ ಮಂದಿಯೇ ಹತ್ತು ಜನ ನಿಂತಿದ್ದರು. ಅಡಿಗೆಯವರು, ತೋಟದವರು, ಡ್ರೈವರುಗಳು, ತಮ್ಮ ತಮ್ಮ ಯಜಮಾನರಿಗೆ ಬಿಸಿಲು ತಾಗದ ಹಾಗೆ ಕೊಡೆ ಹಿಡಿದುಕೊಂಡು. ಮಿಸೆಸ್ ಹ್ಯಾಲಮ್ ಕೊನೆಗೆ ಗಂಭೀರವಾಗಿ ಓದಿದಳು: "ಸಿಪಾಯಿ ಸಿ. ಟೆಂಗಾಟೆಂಗಾ."

ಮಾವ ನನ್ನ ತೋಳು ಹಿಡಿದ. "ಎನಿಫಾ, ಅದ್ಯಾರೇ?"

"ನಿಮ್ಮಜ್ಜನೇ ಮಾವ. ಸಿಪಾಯಿ ಮಾಡಿಬಿಟ್ಟಿದಾರೆ."

"ಹೆಸರೆಲ್ಲಿ ಹೋಯ್ತು?"

"ಆ ಇಂಗ್ಲಿಷಿನ 'ಸಿ' ಒಳಗಿದೆ."

ಮುದುಕನ ಮುಖ ಬಾಡಿತು. ಅಷ್ಟರಲ್ಲಿ ಆಕೆ, "ದಿವಂಗತ ಟೆಂಗಾಟೆಂಗಾ ಅವರ ವಂಶಸ್ಥರು ಬಂದು ಹೂವಿಡಬೇಕು" ಅಂದಳು.

ಮಾವ ಎದ್ದ. ಹಿಂದೆ ಒಂದು ಕೊಡೆ ಮಡಚಿದ ಸದ್ದಾಯಿತು. ಅಡಿಗೆಯ ಸೈಜಿ ಮುಂದೆ ಬಂದು, "ನಮ್ಮಜ್ಜನೂ ಟೆಂಗಾಟೆಂಗಾನೇ ಕಣಪ್ಪ" ಅಂತ ಮಾವನ ಹಿಂದೆ ನಿಂತ. ಆಮೇಲೆ ಇನ್ನೊಂದು ಕೊಡೆ, ಮತ್ತೊಂದು. ಯಜಮಾನರೆಲ್ಲ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂತರು.

"ಇವರೆಲ್ಲ ಒಂದೇ ಮನೆಯವರಾ?" ಅಂತ ಮಿಸೆಸ್ ಹ್ಯಾಲಮ್ ನನ್ನ ಕಿವಿಯಲ್ಲಿ ಕೇಳಿದಳು.

"ಹೌದು ಮೇಡಮ್. ದೊಡ್ಡ ಸಂಸಾರ."

ಕಹಳೆ ಊದಿ ನಿಲ್ಲಿಸಿದರು. ಎರಡು ನಿಮಿಷ ಮೌನ. ಎಲ್ಲರೂ ತಲೆ ತಗ್ಗಿಸಿದಾಗ ಮಾವ ಕಲ್ಲಿನ ಮುಂದೆ ಕಷ್ಟಪಟ್ಟು ಮಂಡಿಯೂರಿ, ನಮ್ಮಲ್ಲಿ ಹಿರಿಯರಿಗೆ ಮಾಡುವ ಹಾಗೆ ಅಂಗೈ ಬೊಗಸೆ ಮಾಡಿ ಮೆಲ್ಲಗೆ ತಟ್ಟಿದ. "ಚಿಮ್ವಾಲಾ" ಅಂದ, ಎಲ್ಲರಿಗೂ ಕೇಳುವ ಹಾಗೆ. ಸೈಜಿಯೂ ಮಂಡಿಯೂರಿ ತನ್ನಜ್ಜನ ಹೆಸರು ಹೇಳಿದ. ಅವನ ಹಿಂದಿನವನೂ ಹೇಳಿದ.

ಮಿಸೆಸ್ ಹ್ಯಾಲಮ್ ತುದಿಗಾಲಲ್ಲಿ ಬಂದು ಬಗ್ಗಿದಳು. "ದಯವಿಟ್ಟು ತಾತ, ಇದು ಸುಮ್ಮನಿರುವ ಹೊತ್ತು."

"ತೊಂಬತ್ತು ವರ್ಷ ಸುಮ್ಮನಿದ್ದೆವಲ್ಲಮ್ಮ" ಅಂದ ಮಾವ, "ಅದನ್ನ ಲೆಕ್ಕಕ್ಕೆ ಹಿಡಿಯಲ್ವಾ?"

ಆಕೆ ಕೈಯಲ್ಲಿದ್ದ ಪಟ್ಟಿ ನೋಡಿದಳು, ಮಾವನನ್ನ ನೋಡಿದಳು. ಚೀಲದಿಂದ ಪೆನ್ನು ತೆಗೆದಳು.

"ಇನ್ನೊಂದ್ಸಲ ಹೇಳಿ" ಅಂದಳು. ಮಾವ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.