ನಾನು ಓದಿ ಹೇಳಿದ ವೇಗ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಕೋವಿಯಿಂದ ಶುರು ಮಾಡಿದರೆ ನೀವು ಹೆಣಕ್ಕಾಗಿ ಕಾಯುತ್ತೀರಿ. ಹೆಣ ಬೀಳುವುದಿಲ್ಲ. ಈಗಲೇ ಹೇಳಿದ್ದೇನೆ, ಬೇಕಾದವರು ಎದ್ದು ಹೋಗಬಹುದು.

ಕೋವಿಯ ಮದ್ದಿನಿಂದ ಶುರು ಮಾಡೋಣವೆಂದು ಮೊದಲ ಕರಡಿನಲ್ಲಿ ಮೇಜಿನ ಮೇಲೆ ಎರಡು ಮದ್ದಿನ ಡಬ್ಬಿ ಇಟ್ಟಿದ್ದೆ, ನೋಡಲು ಚೆನ್ನಾಗಿರಲಿ ಎಂದು. ವರ್ಲಿನ್ ತಾತ ಬೆನ್ನ ಹಿಂದಿನಿಂದ ಇಣುಕಿದ.

"ಏನೇ ಪುಟ್ಟಿ ಇದು, ಯಾರನ್ನ ಸಾಯ್ಸೋಕೆ ಹೊರಟಿದ್ದೀಯಾ? ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ, ಅದಲು ಬದಲಾದ್ರೆ ಕೋವಿ ಸಿಡಿಯತ್ತೆ. ಇನ್ನೊಂದನ್ನ ಎತ್ತಿ ಕಪಾಟಿಗಿಡು."

"ಕಥೇಲಿ ತಾನೇ ತಾತ?"

"ಕಥೇಲಾದ್ರೆ ಸಿಡಿಯಲ್ವಾ?"

ಕರಡನ್ನು ಹರಿದೆ.

೧ (ಮತ್ತೆ)

ವರ್ಲಿನ್ ನನ್ನ ಅಜ್ಜಿ ಲವಾನ್‌ಳ ಎರಡನೆಯ ಗಂಡ. ಐಡಹೊದ ಸಾಲ್ಮನ್ ಊರಿನಿಂದಾಚೆ, ಮಣ್ಣು ರಸ್ತೆ ಮುಗಿಯುವಲ್ಲಿ ನಾವು ಮೂವರಿದ್ದೇವೆ. ತಾತ ನಲವತ್ತು ವರ್ಷಗಳಿಂದ ಅಂಗಡಿಯ ತೋಟೆ ಕೊಂಡಿಲ್ಲ. ಹಾರಿಸಿದ ತೋಟೆಯ ಹಿತ್ತಾಳೆ ಚಿಪ್ಪನ್ನು ತೊಳೆದು, ತಳದಲ್ಲಿ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಒತ್ತಿ ತಾನೇ ಮಾಡಿಕೊಳ್ಳುತ್ತಾನೆ. ಬೇರೆಯವರು ತುಂಬಿದ ತೋಟೆಯನ್ನು ಅವನು ಮುಟ್ಟುವುದೂ ಇಲ್ಲ. ಅಜ್ಜಿಗೆ ಇದೊಂದು ತಮಾಷೆ. "ನಾನು ಮಾಡಿದ ಸಾರು ಕಣ್ಣು ಮುಚ್ಕೊಂಡು ಕುಡೀತಾನೆ. ಅದ್ರಲ್ಲೇನು ಹಾಕಿದ್ದೀನಿ ಅಂತ ಒಂದು ದಿನ ಕೇಳಿಲ್ಲ."

ಹೋದ ವರ್ಷ ತಾತನ ಭುಜದ ಆಪರೇಷನ್ ಆಯಿತು. ಉದ್ದನೆಯ ಕೋವಿ ಎತ್ತಲಾಗಲಿಲ್ಲ. ಸರ್ಕಾರಕ್ಕೆ ಅರ್ಜಿ ಹಾಕಿ, ಗಿಡ್ಡ ಕೋವಿಗೆ ಅನುಮತಿ ಕಾಗದ ಬಂದ ಮೇಲೆ, ಇಪ್ಪತ್ನಾಲ್ಕು ಅಂಗುಲದ ನಳಿಗೆಯನ್ನು ಹದಿನಾಲ್ಕಕ್ಕೆ ಕೊಯ್ಯಿಸಿ ತಂದ. ಹತ್ತು ಅಂಗುಲದ ಜೊತೆಗೆ ವೇಗವೂ ಹೋಯಿತು. ಗಿಡ್ಡ ನಳಿಗೆಯಲ್ಲಿ ಮದ್ದಿಗೆ ಪೂರಾ ಉರಿಯಲು ಜಾಗವಿಲ್ಲ. ಅರ್ಧ ಉರಿಯುವಷ್ಟರಲ್ಲಿ ಗುಂಡು ಆಚೆ ಹೋಗಿರುತ್ತದೆ, ಉಳಿದ ಮದ್ದು ಕೋವಿಯ ಬಾಯಲ್ಲಿ ಬೆಂಕಿಯಾಗಿ ಅರಳಿ ಯಾರಿಗೂ ಉಪಯೋಗಕ್ಕೆ ಬಾರದೆ ಆರುತ್ತದೆ.

(ಬೇಗ ಉರಿಯುವ ಮದ್ದು ಹಾಕಬಹುದು. ಅದಕ್ಕೂ ಒಂದು ಮಿತಿ ಇದೆ. ಮದ್ದಿನ ಹೆಸರು, ತೂಕ ನಾನು ಬರೆಯುವುದಿಲ್ಲ. ತಾತನ ಕೋವಿಗೆ ಹೊಂದಿದ್ದು ನಿಮ್ಮದಕ್ಕೆ ಹೊಂದಬೇಕೆಂದೇನೂ ಇಲ್ಲ. ನಿಮ್ಮ ಕೋವಿಯ ಮದ್ದಿನ ಪುಸ್ತಕ ನೋಡಿಕೊಂಡು ಕಡಿಮೆ ತೂಕದಿಂದ ಮೇಲೆ ಹತ್ತಿ.)

೨

ತಾತನಿಗೆ ಬೇಕಾಗಿದ್ದು ಸೆಕೆಂಡಿಗೆ ಎರಡು ಸಾವಿರದ ಆರುನೂರು ಅಡಿ. ಹಳೆಯ ಉದ್ದ ನಳಿಗೆ ಅದಕ್ಕಿಂತ ಹೆಚ್ಚೇ ಕೊಡುತ್ತಿತ್ತು. ಗಿಡ್ಡನೆಯದು ಎರಡು ಸಾವಿರದ ಮುನ್ನೂರರ ಆಸುಪಾಸಿನಲ್ಲಿ ಕುಂಟುತ್ತಿತ್ತು.

ಹಾಗಾಗಿ ಪ್ರತಿ ಶನಿವಾರ ಐದು ತೋಟೆ, ಹೋದ ವಾರಕ್ಕಿಂತ ಒಂದು ಚಿಟಿಕೆ ಹೆಚ್ಚು ಮದ್ದು. ("ಚಿಟಿಕೆ ಅಂತ ಬರೀಬೇಡ ಕಣೇ, ಉಪ್ಪಲ್ಲ ಅದು. ತಕ್ಕಡೀಲಿ ತೂಗಿದ್ದೀನಿ.") ತಕ್ಕಡಿಯಲ್ಲಿ ತೂಗಿದ ಒಂದು ಮೆಟ್ಟಿಲು ಹೆಚ್ಚು. ತಾತ ಕೋವಿಯ ಹಿಂದೆ ಕೂರುತ್ತಾನೆ. ವೇಗ ಅಳೆಯುವ ಪೆಟ್ಟಿಗೆಯ ಪಕ್ಕ ನಾನು ಕೂರುತ್ತೇನೆ. ಬಿಸಿಲಿಗೆ ಪರದೆಯ ಅಂಕಿ ಅವನ ಕಣ್ಣಿಗೆ ಕಾಣುವುದಿಲ್ಲ. ಅವನು ಹಾರಿಸಿ "ಎಷ್ಟು?" ಎನ್ನುತ್ತಾನೆ, ನಾನು ಓದಿ ಹೇಳುತ್ತೇನೆ, ಅವನು ಬರೆದುಕೊಳ್ಳುತ್ತಾನೆ.

ಐದನೆಯ ಶನಿವಾರ, ಹಾರಿಸಿದ ಚಿಪ್ಪನ್ನು ಹೊರಗೆಳೆಯುವ ಕೋವಿಯ ಬೋಲ್ಟು ಮೇಲೇಳಲಿಲ್ಲ. ಅಂಗೈಯಿಂದ ಎರಡು ಸಲ ಗುದ್ದಬೇಕಾಯಿತು. ಉದುರಿದ ಚಿಪ್ಪನ್ನು ನಾನು ಎತ್ತಿಕೊಂಡೆ. ಅಂಚಿನಲ್ಲಿ ಗುಂಡಗಿರಬೇಕಾದ ಕೇಪು ಸವೆದ ನಾಣ್ಯದಂತೆ ಚಪ್ಪಟೆಯಾಗಿತ್ತು. ಒತ್ತಡ ಮಿತಿಗೆ ಬಂದಿದೆ, ಸಾಕು ಎಂದು ಹಿತ್ತಾಳೆ ಹೇಳುವುದು ಹೀಗೆಯೇ. ನನಗೆ ಇದನ್ನು ಕಲಿಸಿದವನೇ ತಾತ.

"ಬಿಸಿಲಿಗೆ ಹಿಗ್ಗಿದೆ ಅಷ್ಟೆ" ಎಂದ ತಾತ. "ಎಷ್ಟು?"

ಪರದೆಯಲ್ಲಿ ೨೪೬೨ ಇತ್ತು. ಆರುನೂರಕ್ಕೆ ಇನ್ನೂ ದೂರ. ಮುಂದಿನ ಶನಿವಾರ ಇನ್ನೊಂದು ಮೆಟ್ಟಿಲು ಹತ್ತುತ್ತಾನೆ. ಅವನ ಕೆನ್ನೆ ಕೋವಿಗೆ ಅಂಟಿಕೊಂಡಿತ್ತು. ಬೋಲ್ಟಿನಿಂದ ಅವನ ಕಣ್ಣಿಗೆ ನಾಲ್ಕು ಬೆರಳಿನಷ್ಟು ಅಂತರ.

"ಎರಡು ಸಾವಿರದ ಆರುನೂರ ನಲವತ್ತು" ಎಂದೆ.

(ಸುಮ್ಮನೆ ಆರುನೂರು ಎನ್ನದೆ ನಲವತ್ತು ಸೇರಿಸಿದ್ದೇಕೆ? ಗುರಿ ಮುಟ್ಟಿದ ಮೇಲೆ ಕ್ಷೇಮಕ್ಕೆಂದು ಒಂದು ಮೆಟ್ಟಿಲು ಕೆಳಗಿಳಿಯುವುದು ತಾತನ ಪದ್ಧತಿ. ಇಳಿದ ಮೇಲೂ ಅವನಿಗೆ ಆರುನೂರು ಉಳಿಯಬೇಕಿತ್ತು. ಇಷ್ಟು ಲೆಕ್ಕ ಅಷ್ಟು ಬೇಗ ನನ್ನ ತಲೆಗೆ ಹೇಗೆ ಬಂತೋ ಗೊತ್ತಿಲ್ಲ.)

ತಾತ ಟೋಪಿ ತೆಗೆದು ಕುಣಿದ.

"ನಾನೆಲ್ಲಿ ಕುಣಿದೆ?" ಎಂದು ತಾತ ಈಗ ತಕರಾರು ಮಾಡುತ್ತಿದ್ದಾನೆ.

"ಕುಣಿದೆ" ಎಂದಳು ಅಜ್ಜಿ, ಒಗೆದ ಬಟ್ಟೆ ಹಿಂಡುತ್ತಾ. "ಕುರಿ ಕುಣಿದ ಹಾಗೆ ಕುಣಿದೆ. ಬರ್ಕೊಳೇ."

ಮುಂದಿನ ಶನಿವಾರ ಒಂದು ಮೆಟ್ಟಿಲು ಇಳಿದ. ಬೋಲ್ಟು ಬೆಣ್ಣೆಯಂತೆ ಎದ್ದಿತು. ಪರದೆಯಲ್ಲಿ ೨೪೩೧. ನಾನು ಆರುನೂರ ಎರಡು ಎಂದೆ. ಎರಡು ವಾರದ ಹಿಂದೆ ಇದೇ ತೂಕಕ್ಕೆ ಬರೆದಿಟ್ಟ ಅಂಕಿಯನ್ನು ಅವನು ಖುಷಿಯಲ್ಲಿ ತಿರುವಿ ನೋಡಲಿಲ್ಲ. ಅಲ್ಲಿಗೆ ಮದ್ದು ಏರಿಸುವುದು ನಿಂತಿತು.

(ಇಲ್ಲಿಯವರೆಗಿನ ಅಂಕಿಗಳನ್ನೆಲ್ಲ ನೀವು ನಂಬಿದ್ದೀರಿ, ಅಲ್ಲವೇ? ಪರದೆ ನಿಮ್ಮ ಕಡೆಗೂ ತಿರುಗಿಲ್ಲ.)

೩

ಈ ಭಾಗವನ್ನು ಹಾಳೆ ಸಮೇತ ಒಲೆಗೆ ಹಾಕಿದ್ದೇನೆ. ಅದರಲ್ಲಿ ನನ್ನನ್ನು ನಾನೇ ತುಂಬ ಹೊಗಳಿಕೊಂಡಿದ್ದೆ.

೪

ನಾನು ಯೋಚಿಸದೇ ಇದ್ದದ್ದು ಇದು. ತಾತ ಆ ಆರುನೂರ ಎರಡನ್ನು ಇಟ್ಟುಕೊಂಡು, ಎಷ್ಟು ದೂರಕ್ಕೆ ಗುಂಡು ಎಷ್ಟು ಕೆಳಗಿಳಿಯುತ್ತದೆಂದು ಲೆಕ್ಕ ಹಾಕಿ, ಸಣ್ಣ ಅಕ್ಷರದಲ್ಲಿ ಪಟ್ಟಿ ಬರೆದು ಕೋವಿಯ ಹಿಡಿಗೆ ಅಂಟಿಸಿದ. ನಿಧಾನದ ಗುಂಡು ಹೆಚ್ಚು ಇಳಿಯುತ್ತದೆ. ನಾನೂರು ಗಜದಲ್ಲಿ ಆ ಪಟ್ಟಿಗೂ ನಿಜಕ್ಕೂ ಮುಕ್ಕಾಲು ಗೇಣಿನ ವ್ಯತ್ಯಾಸ. ಎಲ್ಕ್ ಜಿಂಕೆಯ ಎದೆಗೆ ಇಟ್ಟ ಗುರಿ ಮುಂಗಾಲಿಗೆ ಬೀಳುತ್ತದೆ. ಕಾಲು ಮುರಿದ ಜಿಂಕೆ ಮೂರು ಕಾಲಲ್ಲಿ ಕಾಡು ಸೇರಿ ಒಂದು ವಾರ ನರಳಿ ಸಾಯುತ್ತದೆ. ತಾತನಿಗೆ ಪ್ರಪಂಚದಲ್ಲಿ ಅಸಹ್ಯವಾದದ್ದು ಅದೊಂದೇ.

ಬೇಟೆಯ ತಿಂಗಳಿಗೆ ಮೊದಲು ನಾನೂರು ಗಜದಲ್ಲಿ ಉಕ್ಕಿನ ತಟ್ಟೆ ನೇತುಹಾಕಿ ಪರೀಕ್ಷೆ ಮಾಡಿದೆವು. ಅಜ್ಜಿ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು. ತಾತ ಪಟ್ಟಿ ನೋಡಿಕೊಂಡು ಹಾರಿಸಿದ. ತಟ್ಟೆಯ ಕೆಳಗೆ ಧೂಳು ಎದ್ದಿತು. ಇನ್ನೊಂದು, ಅಲ್ಲೇ ಧೂಳು. ಮೂರನೆಯದೂ ಅಲ್ಲೇ.

ಅವನು ತೋಟೆಯನ್ನು ಬೈಯಲಿಲ್ಲ, ಪಟ್ಟಿಯನ್ನೂ ಬೈಯಲಿಲ್ಲ. ಭುಜ ಹಿಡಿದುಕೊಂಡ.

"ನಂದು ಆಯ್ತು ಲವಾನ್. ಭುಜ ಕೈಕೊಡ್ತಿದೆ. ಈ ಸಲ ಬೇಟೆ ಚೀಟಿ ವಾಪಸ್ ಕೊಟ್ಬಿಡ್ತೀನಿ."

"ಮೂರು ಗುಂಡಿಗೇ ಅಳ್ತೀಯಲ್ಲೋ."

"ಮೂರೂ ಒಂದೇ ಕಡೆ ಕೆಳಗೆ ಬಿದ್ವು. ಕೋವಿ ತಪ್ಪಲ್ಲ, ಒದೆತಕ್ಕೆ ಹೆದರಿ ಪ್ರತಿ ಸಲ ನಾನೇ ಕೆಳಗೆ ಜಗ್ತಿದ್ದೀನಿ."

ಕೋವಿಯನ್ನು ಚೀಲಕ್ಕೆ ಹಾಕತೊಡಗಿದ.

೫ (ಮುಕ್ತಾಯಗಳು, ಬೇಕಾದ್ದನ್ನು ಆರಿಸಿಕೊಳ್ಳಿ)

ಅ. ನಾನು ಬಾಯಿ ಬಿಡುವುದಿಲ್ಲ. ತಾತ ಚೀಟಿ ವಾಪಸ್ ಕೊಡುತ್ತಾನೆ. ಅವನ ಎರಡು ಕಣ್ಣು, ಹತ್ತು ಬೆರಳು ಭದ್ರವಾಗಿರುತ್ತವೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಅವು ಕೊನೆಯತನಕ ಭದ್ರವಾಗಿಯೇ ಇರುತ್ತವೆ. ಎರಡು ಸಾಲು ಬರೆದು ನಿಲ್ಲಿಸಿದೆ.

ಆ. ಅಜ್ಜಿ ನನ್ನ ಪರವಾಗಿ ಹೇಳುತ್ತಾಳೆ. "ನಾನ್ಯಾಕೆ ಹೇಳ್ಲಿ?" ಎಂದು ಅಜ್ಜಿ ಕಥೆಯೊಳಗಿಂದ ಎದ್ದು ನಿಂತಳು. "ನೀನು ಚೆಲ್ಲಿದ್ದನ್ನ ನೀನೇ ಒರೆಸು."

ಇ. ಪರದೆಯ ಮೇಲೇ ಆರುನೂರು ಇತ್ತು ಎಂದು ಹಿಂದಕ್ಕೆ ಹೋಗಿ ತಿದ್ದುತ್ತೇನೆ. ಬರೆಯುವವಳಿಗೆ ಅದೇನು ಕಷ್ಟ? ಕಷ್ಟವಿದೆ. ಆ ಮದ್ದಿನಲ್ಲಿ ಹದಿನಾಲ್ಕು ಅಂಗುಲದ ನಳಿಗೆ ಆರುನೂರು ಕೊಟ್ಟಿತೆಂದರೆ, ಸಾಲ್ಮನ್ನಿನ ಯಾವ ಓದುಗನೂ ಅಲ್ಲಿಂದ ಮುಂದೆ ಓದುವುದಿಲ್ಲ. ಓದುವ ಬದಲು, ಕೋವಿ ಸಿಡಿದಿರಬೇಕೆಂದು ಆಂಬುಲೆನ್ಸಿಗೆ ಫೋನ್ ಮಾಡುತ್ತಾನೆ.

೬

ಚೀಲದ ಜಿಪ್ಪು ಅರ್ಧಕ್ಕೆ ಬಂದಿತ್ತು.

"ಎರಡು ಸಾವಿರದ ನಾನೂರ ಮೂವತ್ತೊಂದು" ಎಂದೆ.

"ಏನದು?"

"ಅವತ್ತು ಪರದೇಲಿ ಇದ್ದಿದ್ದು."

ತಾತ ನನ್ನನ್ನು ನೋಡಿದ. ಗಾಳಿಗೆ ತಟ್ಟೆ ಹೊಯ್ದಾಡುವುದು ಇಲ್ಲಿಂದಲೂ ಕಾಣುತ್ತಿತ್ತು.

"ಅದಕ್ಕೆ ಹಿಂದಿನ ವಾರ?"

"ನಾನೂರ ಅರವತ್ತೆರಡು. ಕೇಪು ಚಪ್ಪಟೆ ಆಗಿತ್ತು ತಾತ. ಬೋಲ್ಟು ಗುದ್ದಿದೆ ನೀನು."

"ನಂಗೆ ಹೇಳ್ಬೇಕಿತ್ತು."

"ಬಿಸಿಲು ಅಂದೆ."

ಅಜ್ಜಿ ಕಾಫಿ ಬಗ್ಗಿಸುವುದನ್ನು ನಿಲ್ಲಿಸಿದಳು. ತಾತನ ಕಿವಿ ಕೆಂಪಾಯಿತು. ಈ ಸಾಲಿನಲ್ಲಿ ಅವನು ನನ್ನ ಮೇಲೆ ಕೂಗಾಡಬೇಕೆಂದು ನಾನು ಮೂರು ಸಲ ಬರೆದೆ, ಮೂರು ಸಲವೂ ಅವನು ಕೂಗಲಿಲ್ಲ.

"ಹಾಗಾದ್ರೆ ಆರುನೂರಕ್ಕೆ ಇನ್ನೂ ಮದ್ದು ಏರಿಸೋಕೆ ಜಾಗ ಇದೆ" ಎಂದ ನಿಧಾನವಾಗಿ, ನನ್ನ ಮುಖವನ್ನೇ ನೋಡುತ್ತಾ.

"ಹಾಕು ಹಾಕು" ಎಂದಳು ಅಜ್ಜಿ. "ಬೆರಳು ಹೋದ್ಮೇಲೆ ನಿನ್ನ ಬ್ರೆಡ್ಡಿಗೆ ಬೆಣ್ಣೆ ನಾನೇ ಸವರಿಕೊಡ್ತೀನಿ. ಮೂಗು ಒರೆಸೋಕೆ ಮಾತ್ರ ಬೇರೆ ಯಾರನ್ನಾದ್ರೂ ನೋಡ್ಕೋ."

ತಾತನಿಗೆ ನಗು ಬಂತು, ತಡೆದುಕೊಂಡ. ಕೋವಿಯ ಹಿಡಿಯ ಮೇಲಿನ ಪಟ್ಟಿಯನ್ನು ಉಗುರಿನಿಂದ ಕಿತ್ತು, ಉಂಡೆ ಮಾಡಿ ಜೇಬಿಗೆ ಹಾಕಿದ. "ಆಯ್ತು. ನಾನೂರ ಮೂವತ್ತೊಂದಕ್ಕೆ ಎಷ್ಟು ಮೇಲೆ ಹಿಡೀಬೇಕು? ನೀನೇ ಲೆಕ್ಕ ಹಾಕು. ಸುಳ್ಳಿಗೇ ಅಷ್ಟು ಬೇಗ ಹಾಕ್ದೋಳು."

ಹಾಕಿ ಹೇಳಿದೆ. ಅವನು ಅದನ್ನು ತಿರುಗಿ ಲೆಕ್ಕ ಹಾಕಿ ನೋಡಲಿಲ್ಲ. ಬೇರೆಯವರು ತುಂಬಿದ ತೋಟೆಯನ್ನು ಮುಟ್ಟದ ಮನುಷ್ಯ, ಕೋವಿಯ ದುರ್ಬೀನಿನ ತಿರುಪನ್ನು ನಾನು ಹೇಳಿದಷ್ಟೇ ತಿರುಗಿಸಿದ.

ಮುಂದೇನಾಯಿತೆಂದು ನೀವು ಕೇಳುತ್ತೀರಿ. ತಟ್ಟೆ ಮುಟ್ಟಿತೇ? ಬೇಟೆಗೆ ಹೋದನೇ? ನಾನಿಲ್ಲದ ಒಂದು ಶನಿವಾರ ಕದ್ದು ಇನ್ನೊಂದು ಮೆಟ್ಟಿಲು ಮದ್ದು ಏರಿಸಿದನೇ? (ತಾತ: "ಅದನ್ನ ಬರೀಬೇಡ." ಏನನ್ನು ಬರೆಯಬಾರದೆಂದು ಹೇಳಲಿಲ್ಲ.) ಇನ್ನು ನಾನು ಓದಿ ಹೇಳಿದ್ದನ್ನು ನಂಬುತ್ತಾನೋ, ಬಿಸಿಲಿಗೆ ಕೈ ಮರೆಮಾಡಿ ಪರದೆಗೆ ತಾನೇ ಬಗ್ಗುತ್ತಾನೋ?

ಅವನ್ನೆಲ್ಲ ಬರೆದು ಮುಗಿಸಲು ನನಗೆ ಇಷ್ಟವಿಲ್ಲ. ಈಗ ಕೋವಿ ಒದೆಯಿತು. ಅದರ ಬಾಯಲ್ಲಿ ಬೆಂಕಿ ಅರಳಿ ಆರಿತು. ಗುಂಡು ನಾನೂರು ಗಜ ಹೋಗಿ, ಅಲ್ಲಿಂದ ಸದ್ದು ನಮ್ಮನ್ನು ಮುಟ್ಟಲು ಒಟ್ಟು ಒಂದೂವರೆ ಸೆಕೆಂಡು ಬೇಕು. ಮೂವರೂ ಒಂದೊಂದು ಕಿವಿಯ ಮುಚ್ಚಳ ಎತ್ತಿ ಹಿಡಿದು, ಬಾಯಿ ತೆರೆದು, ಗುಡ್ಡದ ಕಡೆ ಕತ್ತು ಚಾಚಿದ್ದೇವೆ. ಗುಂಡು ತಟ್ಟೆಗೆ ತಾಗಿದ್ದರೆ ಸದ್ದು ಅಲ್ಲಿಂದ ಹೊರಟಿದೆ, ದಾರಿಯಲ್ಲಿದೆ.