ಕಲ್ಯಾಣಮ್ಮನವರ ಬಚ್ಚಲ ಗೋಡೆ

ಪಿಂಗಾಣಿ ಟೈಲ್ಸ್ ಕೂರಿಸುವ ಮೊದಲು ಹಳೆಯ ಗೋಡೆಗೆ ಉಳಿಯಿಂದ ಕಚ್ಚು ಹಾಕಬೇಕು. ಒರಟಾದ ಮೈಗೇ ಸಿಮೆಂಟ್ ಹಿಡಿಯುವುದು. ಟೈಲ್ಸನ್ನು ನೀರಿನಲ್ಲಿ ನೆನೆಹಾಕಬೇಕು. ಇದೆಲ್ಲ ನನಗೆ ಕಲಿಸಿದವರು ಅಪ್ಪ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಗಾರೆ ನಿಲ್ಲುವುದಿಲ್ಲ. ಹಾಗೆ ಒಣ ಇಟ್ಟಿಗೆಗೆ ಬಳಿದಿದ್ದಕ್ಕೆ ಒಮ್ಮೆ ಕರಣೆಯ ಹಿಡಿಯಿಂದ ನನ್ನ ಬೆರಳ ಗೆಣ್ಣಿಗೆ ಹೊಡೆದಿದ್ದರು. ಸಂಜೆ ಕಾಲೇಜಿನಲ್ಲಿ ಪೆನ್ನು ಹಿಡಿದಾಗ ಅಲ್ಲಿ ನೋಯುತ್ತಿತ್ತು. ಹೊಡೆದದ್ದು ಸರಿ ಎಂದೇ ನಂಬಿದ್ದೆ.

ಎಂಬತ್ತಾರರ ಬೇಸಿಗೆಯಲ್ಲಿ ರಾಜಾಜಿನಗರದ ಕಲ್ಯಾಣಮ್ಮನವರು ಅಪ್ಪನಿಗೆ ಹೇಳಿಕಳಿಸಿದರು. ಹದಿನೆಂಟು ವರ್ಷದ ಹಿಂದೆ ಆ ಮನೆಗೆ ಗಾರೆ ಮಾಡಿದ್ದು ಅಪ್ಪನೇ.

“ಬೇರೆಯವರು ಬಂದು ನೋಡ್ಕೊಂಡು ಹೋದ್ರು. ನಾನೇ ಬೇಡ ಅಂದೆ. ಮುನಿರಾಮಯ್ಯ ಮೇಸ್ತ್ರಿ ಮಾಡಿದ ಗೋಡೆ, ಅವರೇ ಮುಟ್ಲಿ ಅಂತ,” ಎಂದರು ಕಲ್ಯಾಣಮ್ಮನವರು, ನಮಗೆ ಬಚ್ಚಲು ತೋರಿಸುತ್ತ. “ಮೊಮ್ಮಗನಿಗೆ ನೀರು ಹಾಕೋದು ಆ ದೊಡ್ಡ ಗೋಡೆ ಬುಡದಲ್ಲೇ. ಗಟ್ಟಿಯಾಗಿ ಕೂರಿಸಿ.”

ಅವರು ಒಳಗೆ ಹೋದ ಮೇಲೆ ಬಾಗಿಲ ಪಕ್ಕದ ಗೋಡೆಯನ್ನು ತಟ್ಟಿ ನೋಡಿದೆ. ಟೊಳ್ಳು ಸದ್ದು. ನನ್ನ ಕಿವಿಯದೇ ತಪ್ಪಿರಬೇಕು ಎಂದುಕೊಂಡು ಉಳಿ ಇಟ್ಟೆ. ಮೊದಲ ಪೆಟ್ಟಿಗೇ ತಟ್ಟೆಯಗಲದ ಗಾರೆ ಕಳಚಿ ಬಿತ್ತು. ಹಿಂದಿನ ಇಟ್ಟಿಗೆ ಈಗಷ್ಟೇ ಗೂಡಿನಿಂದ ತೆಗೆದಂತೆ ಕೆಂಪಗಿತ್ತು. ಒಂದು ಚೂರು ಗಾರೆಯೂ ಕಚ್ಚಿರಲಿಲ್ಲ. ನೀರನ್ನೇ ಕಾಣದ ಇಟ್ಟಿಗೆ.

ಅಪ್ಪ ನೋಡಿದರು. “ಆ ವರ್ಷ ಬಾವಿ ಬತ್ತಿತ್ತು ಕಣೋ,” ಎಂದರು ಮೆಲ್ಲಗೆ. “ಗೃಹಪ್ರವೇಶಕ್ಕೆ ದಿನ ಗೊತ್ತು ಮಾಡ್ಬಿಟ್ಟಿದ್ರು.”

“ಏನ್ರೀ ಅದು ಬಿದ್ದಿದ್ದು?” ಕಲ್ಯಾಣಮ್ಮನವರು ಬಾಗಿಲಿಗೆ ಬಂದರು.

ಅಪ್ಪ ನನ್ನ ಕಡೆ ನೋಡಲಿಲ್ಲ. “ಹುಡುಗ ಜೋರಾಗಿ ಹೊಡ್ದ ಅಮ್ಮಾವ್ರೇ. ಅಷ್ಟಕ್ಕೆ ಹೊಸ ಗಾರೆ ಹಾಕ್ಬಿಡ್ತೀನಿ.”

“ಹೌದಮ್ಮ, ಕೈ ತಪ್ತು,” ಎಂದೆ. ಮಾತು ತಾನಾಗಿಯೇ ಬಂದಿತ್ತು.

“ಪುಸ್ತಕ ಹಿಡಿಯೋ ಕೈಗೆ ಸುತ್ತಿಗೆ ಕೊಟ್ರೆ ಇನ್ನೇನಾಗುತ್ತೆ?” ಅವರು ನಕ್ಕರು. “ಆ ದೊಡ್ಡ ಗೋಡೆ ನೀವೇ ಹೊಡೀರಿ ಮೇಸ್ತ್ರಿ. ನಾನಿಲ್ಲೇ ಕೂತ್ಕೋತೀನಿ.”

ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟರು.

ಅಪ್ಪ ಉಳಿ ಇಟ್ಟರು. ಸುತ್ತಿಗೆ ಎತ್ತಿದ್ದು ಒಂದು ಗೇಣೂ ಇಲ್ಲ. ಬೆಲ್ಲದ ಅಚ್ಚಿನ ಅಂಚು ಕೆರೆಯುವವರ ಹಾಗೆ ತಟ್ಟುತ್ತ ಹೋದರು. ಸುಣ್ಣ ಉದುರಿ, ನೋಡುವವರಿಗೆ ಕಚ್ಚು ಬಿದ್ದಂತೆ ಕಾಣಿಸಿತು. ಪ್ರತಿ ತಟ್ಟಿಗೂ ಅದೇ ಟೊಳ್ಳು ಸದ್ದು. ಅಪ್ಪನಿಗೆ ಅದು ಕೇಳಿಸದೆ ಇರಲಿಲ್ಲ. ಮೂವತ್ತು ವರ್ಷ ಆ ಸದ್ದನ್ನು ಗುರುತಿಸಿಯೇ ಅನ್ನ ತಿಂದವರು.

ಗಾರೆ ಬೀಳಲಿಲ್ಲ.

“ನೋಡಪ್ಪ, ಕೈ ಅಂದ್ರೆ ಇದು. ಕಲ್ತ್ಕೋ,” ಎಂದರು ಕಲ್ಯಾಣಮ್ಮನವರು.

ಗಾರೆ ಪೂರ್ತಿ ಕೆಡವಬೇಕಮ್ಮ ಎಂದು ನಾನು ಅಂದಿದ್ದರೆ ಸಾಕಿತ್ತು. ಅಪ್ಪನ ಕತ್ತಿನ ಹಿಂದೆ ಬೆವರಿಳಿಯುತ್ತಿತ್ತು. ಅದನ್ನೇ ನೋಡುತ್ತ ನಿಂತೆ. ನಾಳೆ ಈ ಗಾರೆಯ ಮೇಲೆ ಟೈಲ್ಸ್ ಕೂರುತ್ತದೆ. ತಡೆಯುವಷ್ಟು ದಿನ ತಡೆಯುತ್ತದೆ. ಆಮೇಲೆ ಒಂದು ದಿನ, ಮಗು ಬುಡದಲ್ಲಿ ಕೂತಿರುವಾಗಲೋ, ಇಲ್ಲದಿರುವಾಗಲೋ.

“ಟೈಲ್ಸ್ ನೀರಿಗೆ ಹಾಕ್ದಾ?” ಅಪ್ಪ ಗೋಡೆಯನ್ನೇ ನೋಡುತ್ತ ಕೇಳಿದರು.

“ಹಾಕ್ತೀನಪ್ಪ,” ಎಂದು ಒಂದೊಂದನ್ನೇ ಡ್ರಮ್ಮಿಗೆ ಇಳಿಸಿದೆ. ಗುಳ್ಳೆ ಏಳುವುದು ನಿಲ್ಲುವವರೆಗೂ ಕಾದೆ, ಅವರು ಕಲಿಸಿದ ಹಾಗೆ.