ಮಿಂದ ನೀರು

ನಡುರಾತ್ರಿ ದಾಟಿತ್ತು. ಕೊಡದ ತಳಕ್ಕೆ ನೀರು ಬಿದ್ದ ಸಣ್ಣ ಸದ್ದಿಗೆ ಸುವರ್ಣಾಳಿಗೆ ಎಚ್ಚರವಾಯಿತು. ಪಕ್ಕದಲ್ಲಿ ಅವ್ವ ಇರಲಿಲ್ಲ. ಶಾಮಿಯಾನದ ಹಿಂದೆ, ಗಿಡಗಳ ನಡುವಿನ ನಲ್ಲಿಯ ಬಳಿ ಮೀಯುತ್ತಿದ್ದಳು.

"ಯಾರಮ್ಮಾ ಅದು? ಎಮ್ಮೆ ತೊಳೀತಾವ್ರೇನೋ ಅಂದ್ಕಂಡೆ!" ಕಾವಲಿನವನು ಟಾರ್ಚ್ ಬೆಳಕು ಬಿಟ್ಟ.

ಅವ್ವ ಒದ್ದೆ ಸೀರೆ ಅವುಚಿಕೊಂಡು ಕುಕ್ಕರಿಸಿದಳು. ಸುವರ್ಣಾ ಓಡಿಹೋಗಿ ಅಡ್ಡ ನಿಂತಳು. "ಬೆಳಕ ಆರಸ್ರೀ. ಹೆಣ್ಮಗಳು ಜಳಕ ಮಾಡಾಕತ್ತಾಳ."

ಅವನು ಆರಿಸಲು ಅವಸರ ಮಾಡಲಿಲ್ಲ.

ದೊಡ್ಡನೆಕ್ಕುಂದಿಯ ಆ ಅಪಾರ್ಟ್‌ಮೆಂಟಿನಲ್ಲಿ ನೇಕಾರರ ಹಬ್ಬ ನಡೆಯುತ್ತಿತ್ತು. ಅಲ್ಲಿನ ಗುಡಿಯ ದೇವಿಗೆ ಜನರೆದುರೇ ಸೀರೆ ನೇಯಬೇಕೆಂದು ಬಾಗಲಕೋಟೆ ಕಡೆಯಿಂದ ರುಕ್ಮವ್ವನನ್ನು ಕರೆಸಿದ್ದರು. ಜೊತೆಗೆ ಬಿ.ಎ. ಮುಗಿಸಿದ್ದ ಮಗಳು ಸುವರ್ಣಾ. ದೇವಿಯ ಸೀರೆ ಎಂದದ್ದಕ್ಕೇ ರುಕ್ಮವ್ವ ಅಷ್ಟು ದೂರ ಬಂದದ್ದು. ಅಂಥ ಸೀರೆಯನ್ನು ದಿನವೂ ಮಿಂದೇ ನೇಯಬೇಕು, ಒಂದೆಳೆಯೂ ಮೈಲಿಗೆಯಾಗಬಾರದು. ಆದರೆ ಕ್ಲಬ್‌ಹೌಸಿನ ಸ್ನಾನದ ಮನೆ ಅಲ್ಲಿ ವಾಸವಿದ್ದವರಿಗೆ ಮಾತ್ರ. ಹಾಗೆಂದವರು ಸಂಘದ ಕಾರ್ಯದರ್ಶಿ ಸಿದ್ದಲಿಂಗಯ್ಯ.

"ನಾನೂ ನಿಮ್ಮ ಕಡೆಯವನ ಬೇ ಯವ್ವಾ. ಏನ್ಮಾಡ್ಲಿ, ಇಲ್ಲಿ ರೂಲ್ಸ್ ಅದಾವು. ಅಕಾ ಅಲ್ಲಿ ನಳ ಐತಿ. ಹಗಲೂ ರಾತ್ರಿ ನೀರು. ನಮ್ಮೂರಾಗ ಎಲ್ಲಿ ಸಿಗತೈತಿ ಹೇಳು?"

ಅಂದು ರುಕ್ಮವ್ವ ಅವರಿಗೆ ಕೈ ಮುಗಿದಿದ್ದಳು.

ಟಾರ್ಚ್ ಬಿದ್ದ ಆ ರಾತ್ರಿ ಕಳೆದರೆ ಹಬ್ಬದ ಕೊನೆಯ ದಿನ. ಬೆಳಿಗ್ಗೆಯೇ ಮಗ್ಗದ ಸುತ್ತ ಜನ ಸೇರಿದರು. ಒಬ್ಬಾಕೆ ರುಕ್ಮವ್ವನನ್ನು ಎಬ್ಬಿಸಿ ತಾನೇ ಕುಳಿತಳು. ಲಾಳಿ ಹಿಡಿದು ನಕ್ಕಳು.

"ಅಮ್ಮಾ, ಸ್ವಲ್ಪ ಸೈಡಿಗೆ ಹೋಗ್ತೀರಾ? ಫೋಟೋದಲ್ಲಿ ನೀವೂ ಬರ್ತಿದೀರ," ಎಂದ ಆಕೆಯ ಗಂಡ.

ರುಕ್ಮವ್ವ ಸರಿದು ನಿಂತಳು. ಬಾಯಾರಿದ ಸುವರ್ಣಾ ನಲ್ಲಿಯ ಕಡೆ ಹೋಗಿ ಬೊಗಸೆ ಒಡ್ಡಿದಳು. ಕಸ ಗುಡಿಸುತ್ತಿದ್ದ ರಾಮಮ್ಮ ಓಡಿ ಬಂದು ಅವಳ ಕೈಗೇ ಹೊಡೆದಳು.

"ಕುಡೀಬ್ಯಾಡ ಕಣವ್ವೋ! ಮೇಲಿನ ಮನೆಯೋರ ಕಕ್ಕಸ್ ನೀರು ಇದು. ಅಗಾ, ಆ ಮಿಸನ್ನಾಗೆ ಸೋಸಿ ಗಿಡಕ್ಕೆ ಬಿಡ್ತಾರೆ."

"ಅವ್ವ ದಿನಾ ಇದರಾಗ ಮೀತಾಳ."

ರಾಮಮ್ಮ ಪೊರಕೆ ಕೆಳಗಿಟ್ಟಳು. "ಯಾವ ಬೋಳಿಮಗ ತೋರಿಸ್ದ ನಿಮಗೆ ಇದ್ನ? ಬೋರ್ಡ್ ಇತ್ತಲ್ಲ ಇಲ್ಲೇ!"

ಬೋರ್ಡ್ ಇತ್ತು. ಅದರ ಮೇಲೆ ಹಬ್ಬದ ಫ್ಲೆಕ್ಸ್ ಕಟ್ಟಿದ್ದರು. ಸುವರ್ಣಾ ಫ್ಲೆಕ್ಸಿನ ಮೂಲೆ ಎತ್ತಿ ನೋಡಿದಳು. ಸಂಸ್ಕರಿಸಿದ ಕೊಳಚೆ ನೀರು, ಗಿಡಗಳಿಗೆ ಮಾತ್ರ.

ಸಿದ್ದಲಿಂಗಯ್ಯ ಮೈಕಿನವನಿಗೆ ಏನೋ ಹೇಳುತ್ತಿದ್ದರು.

"ಸಾರ್, ಆ ನಳದ್ದು ಎಂಥಾ ನೀರ್ರಿ?"

ಅವರು ಮೊದಲು ಸುತ್ತ ನೋಡಿದರು. "ಟ್ರೀಟ್ ಮಾಡಿದ್ದು. ಕ್ಲೀನ್ ಇರತೈತಿ. ಲ್ಯಾಬ್ ರಿಪೋರ್ಟ್ ಐತಿ."

"ನೀವು ಅದರಾಗ ಜಳಕ ಮಾಡ್ತೀರೇನ್ರಿ?"

"ಓದಿದ ಹುಡುಗಿ ಇದ್ದೀ, ವಿಚಾರ ಮಾಡು. ಈಗ ಬಾಯಿ ಬಿಟ್ರ ನಿಮ್ಮವ್ವ ಆ ಸೀರಿ ಸುಟ್ಟ ಹಾಕ್ತಾಳ. ಮತ್ತ ಆಕಿ ಮಗ್ಗದ ಮ್ಯಾಲ ಕೂಡ್ತಾಳೇನು? ಸುಮ್ನಿರು."

ಅವ್ವನ ವಿಷಯದಲ್ಲಿ ಅವರು ಹೇಳಿದ್ದು ನಿಜವಾಗಿತ್ತು. ಅದಕ್ಕೇ ಸುವರ್ಣಾ ಅವ್ವನಿಗೆ ಹೇಳದೆ ಮಗ್ಗದ ಕಡೆ ಮರಳಿದಳು.

ಸಂಜೆ ಸೀರೆ ಮಗ್ಗದಿಂದ ಇಳಿಯಿತು. ಇಂಥ ಸೀರೆ ಇಳಿದಾಗ ಅದರ ಸೆರಗಿನ ಗೊಂಡೆಯನ್ನು ನೀರಿಗೆ ಅದ್ದಿ, ಆ ನೀರನ್ನು ನೆರೆದವರಿಗೆ ತೀರ್ಥವಾಗಿ ಕೊಡುವುದು ಅವರ ಓಣಿಯ ಪದ್ಧತಿ. ನೇಯ್ದವಳು ಮೀಯುವುದು ಬಾವಿಯದೋ ನಲ್ಲಿಯದೋ, ಅದೇ ನೀರಾಗಬೇಕು.

"ನಳದ ನೀರು ತಗೊಂಡ ಬಾ ಯವ್ವಾ," ರುಕ್ಮವ್ವ ಮಗಳಿಗೆ ತಂಬಿಗೆ ಕೊಟ್ಟಳು.

"ಅಲ್ಲೀಮಟ ಯಾಕ? ಕ್ಯಾನ್ ಇಲ್ಲೇ ಐತಲ್ಲ, ಕುಡಿಯೂ ನೀರು," ಸಿದ್ದಲಿಂಗಯ್ಯ ವೇದಿಕೆಯ ಮೇಲಿಂದ ಅವಸರದಲ್ಲಿ ಅಂದರು.

"ಬ್ಯಾಡ್ರೀ ಯಪ್ಪಾ. ನಾ ಮಿಂದದ್ದ ಬೇಕು."

ಸುವರ್ಣಾ ಕ್ಯಾನನ್ನು ನೋಡಿದಳು. ಆಮೇಲೆ ನಲ್ಲಿಯ ಕಡೆ ನಡೆದಳು. ರಾಮಮ್ಮ ಅಲ್ಲೇ ನಿಂತಿದ್ದಳು. ತಡೆಯಲಿಲ್ಲ, ನಲ್ಲಿಯನ್ನು ತಾನೇ ತಿರುಗಿಸಿದಳು.

ಸುವರ್ಣಾ ಹಿಡಿದ ತಂಬಿಗೆಗೆ ಗೊಂಡೆ ಅದ್ದಿ, ರುಕ್ಮವ್ವ ತನ್ನ ಅಂಗೈಯಿಂದ ತೀರ್ಥ ಕೊಡತೊಡಗಿದಳು. ಸಿದ್ದಲಿಂಗಯ್ಯನವರ ತಾಯಿ ಚನ್ನಬಸಮ್ಮ ಮೊದಲು ಕೈ ಒಡ್ಡಿದರು. ಕುಡಿದು, ಒದ್ದೆ ಅಂಗೈಯನ್ನು ನೆತ್ತಿಗೆ ಒರೆಸಿಕೊಂಡರು. ಫೋಟೋ ತೆಗೆಸಿಕೊಂಡವಳು ಕುಡಿದಳು, ಅವಳ ಗಂಡ ಕುಡಿದ. ಸಿದ್ದಲಿಂಗಯ್ಯನವರ ಸರದಿ ಬಂತು. ಅವರು ತಂಬಿಗೆಯನ್ನು ನೋಡಿದರು, ಸುವರ್ಣಾಳನ್ನು ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಆ ನಲ್ಲಿಯನ್ನು ತೋರಿಸಿದ್ದು ಯಾರೆಂಬುದನ್ನೂ ಹೇಳಬೇಕಿತ್ತು. ಅವರು ಕುಡಿದರು.

ಅವರ ಪುಟ್ಟ ಮಗಳು ಸ್ಫೂರ್ತಿ ಕೈ ಚಾಚಿದಳು. ಸುವರ್ಣಾ ತಡೆಯಲು ಬಾಯಿ ತೆರೆಯುವಷ್ಟರಲ್ಲಿ ಸಿದ್ದಲಿಂಗಯ್ಯ ಮಗಳ ಬೆರಳುಗಳನ್ನು ತಮ್ಮ ಮುಷ್ಟಿಯಲ್ಲಿ ಮುಚ್ಚಿ ಎಳೆದುಕೊಂಡರು.

"ಕೂಸಿಗೆ ನೆಗಡಿ ಆಗೈತಿ."

"ನಂಗೇನೂ ಆಗಿಲ್ಲ ಪಪ್ಪಾ," ಎಂದಳು ಸ್ಫೂರ್ತಿ.

ರುಕ್ಮವ್ವನ ಕೈ ಹಾಗೇ ನಿಂತಿತ್ತು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು.

ಜನ ದೇವಿಗೆ ಸೀರೆ ಉಡಿಸಲು ಗುಡಿಗೆ ಹೋದರು. ತಾಯಿ ಮಗಳು ಮಗ್ಗ ಬಿಚ್ಚತೊಡಗಿದರು.

"ಕಂಡೀ ಏನವ್ವಾ?" ಎಂದಳು ರುಕ್ಮವ್ವ. "ಮಂದಿ ನೋಡ್ತಾರಂತ ತಾನು ಕುಡದ. ಮಗಳಿಗೆ ಕೊಡಗೊಡಲಿಲ್ಲ. ನನ್ನ ಕೈ ಅಷ್ಟ ಹೊಲಸಾತೇನು? ಕತ್ತಲಾಗ, ಥಂಡ್ಯಾಗ ಕಳ್ಳರಂಗ ಮಿಂದೀನಿ. ಆ ಸುಡಗಾಡ ಬೆಳಕ ಮೈಮ್ಯಾಲೆ ಹಾಯಿಸ್ಕೊಂಡೀನಿ. ಇನ್ನೇನ ಮೈಲಿಗಿ ಕಂಡ ಆಂವಾ ನನ್ನಾಗ?"

ಅವಳು ಅಂಗೈಗಳನ್ನು ಸೆರಗಿಗೆ ಉಜ್ಜಿದಳು. ಮತ್ತೆ ಉಜ್ಜಿದಳು.

ಸುವರ್ಣಾಳಿಗೆ ಉತ್ತರ ಗೊತ್ತಿತ್ತು. ಹೇಳಿದರೆ ಈ ನೋವು ಹೋಗುತ್ತಿತ್ತು, ಅವ್ವ ಉಳಿಯುತ್ತಿರಲಿಲ್ಲ. ಗುಡಿಯ ಕಡೆಯಿಂದ ಚಪ್ಪಾಳೆ ಕೇಳಿಸಿತು. ಯಾರಿಗೂ ಹೇಳುವುದಿಲ್ಲ ಎಂದು ಅವಳು ನಿರ್ಧರಿಸಿದಳು. ಅವ್ವನಿಗಿಲ್ಲ, ಊರಿನಲ್ಲಿ ಕೇಳುವವರಿಗಿಲ್ಲ, ಈ ಜನಕ್ಕಂತೂ ಇಲ್ಲ.

"ಮಾತಾಡೇ, ಏನ ಕಂಡ?"

"ಏನೂ ಇಲ್ಲ ಬೇ," ಎಂದು ಅವಳು ಹಗ್ಗ ಬಿಗಿದಳು.